ಅಮ್ಮನ ಥೈರಾಯ್ಡ್ ರಿಪೋರ್ಟು, ಅಮ್ಮನ ಎದೆಬಡಿತ

ಹೊರದೇಶದಲ್ಲಿರೋ ನಮ್ಮಂಥವರ ವಾಟ್ಸಾಪಿಗೆ ಊರಿನಿಂದ ಆಗಾಗ ಒಂದು ಫೋಟೋ ಬರುತ್ತೆ. ಅಮ್ಮನ ರಕ್ತಪರೀಕ್ಷೆಯ ರಿಪೋರ್ಟು. ಟಿಎಸ್‌ಎಚ್ 6.2 ಅಂತ ದಪ್ಪಕ್ಷರದಲ್ಲಿ. ಕೆಳಗೊಂದು ಸಾಲು: "ಥೈರಾಯ್ಡ್ ಬಂದಿದೆಯಂತೆ, ಮಾತ್ರೆ ಶುರು ಮಾಡ್ಲಾ?" ನಾವೂ ಹಿಂದೆಮುಂದೆ ನೋಡದೆ "ಶುರು ಮಾಡಮ್ಮ" ಅಂದುಬಿಡ್ತೀವಿ. ಹಾಗೆ ಹೇಳುವ ಮೊದಲು ಅವರ ಹೃದಯದ ಬಗ್ಗೆ ಯೋಚಿಸಬೇಕು ಅನ್ನೋದೇ ಇವತ್ತಿನ ಕಂತಿನಲ್ಲಿ ನಮ್ಮ ವಾದ.

ನೋಡಿ, ಟಿಎಸ್‌ಎಚ್ ಥೈರಾಯ್ಡ್ ತಯಾರಿಸುವ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ ಅದು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಆಜ್ಞೆ ಜೋರಾಗುತ್ತೆ, ಹೆಚ್ಚಾದರೆ ಸದ್ದಡಗುತ್ತೆ. ಈ ಹಾರ್ಮೋನಿನ ಟಿ3 ರೂಪ ಹೃದಯದ ಸ್ನಾಯುಕೋಶದ ನ್ಯೂಕ್ಲಿಯಸ್ಸಿನಲ್ಲೇ ಕೂತು ಕೆಲಸ ಮಾಡುತ್ತೆ. ಹೃದಯ ಎಷ್ಟು ಬೇಗ, ಎಷ್ಟು ಬಲವಾಗಿ ಹಿಂಡಬೇಕು ಅನ್ನುವ ಜೀನುಗಳನ್ನು ಅದು ನಿಯಂತ್ರಿಸುತ್ತೆ. ತೀರಾ ಕಡಿಮೆಯಾದರೆ ಬಡಿತ ನಿಧಾನವಾಗುತ್ತೆ, ಕೆಟ್ಟ ಕೊಲೆಸ್ಟರಾಲ್ ಏರುತ್ತೆ. ಹೆಚ್ಚಾದರೆ ಬಡಿತದ ಲಯವೇ ತಪ್ಪಬಹುದು. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಅಂತಾರೆ. ಆಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು.

ಇದು ಬರೀ ಊಹೆ ಅಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1994ರಲ್ಲಿ ತೋರಿಸಿದ್ದು: 60 ದಾಟಿದವರಲ್ಲಿ ಟಿಎಸ್‌ಎಚ್ ತೀರಾ ಕೆಳಗಿದ್ದರೆ, 10 ವರ್ಷಗಳಲ್ಲಿ ಲಯ ತಪ್ಪುವ ಸಾಧ್ಯತೆ ಸುಮಾರು 3 ಪಟ್ಟು. ಇನ್ನು 2017ರ ಟ್ರಸ್ಟ್ ಪ್ರಯೋಗ. ಯುರೋಪಿನ 65 ದಾಟಿದ 737 ಜನ, ಸರಾಸರಿ ಟಿಎಸ್‌ಎಚ್ 6.4, ಟಿ4 ಮಾತ್ರ ಸರಿಯಾಗೇ ಇತ್ತು. ಕೆಲವರಿಗೆ ಲೆವೊಥೈರಾಕ್ಸಿನ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ವರ್ಷದ ನಂತರ ಸುಸ್ತಿನಲ್ಲಾಗಲಿ ಉಳಿದ ಲಕ್ಷಣಗಳಲ್ಲಾಗಲಿ ವ್ಯತ್ಯಾಸವೇ ಕಾಣಲಿಲ್ಲ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ ಕೂಡ.

ನಮ್ಮ ಮನೆಯದೇ ಉದಾಹರಣೆ. ಸೋದರತ್ತೆ ಮೂರು ವರ್ಷ ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡರು. ಎದೆ ಡವಡವ ಅಂದಾಗ "ವಯಸ್ಸಾಯ್ತಲ್ಲ" ಅಂತ ಎಲ್ಲರೂ ಸುಮ್ಮನಾದೆವು. ಕೊನೆಗೆ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 0.05! ವರ್ಷಕ್ಕೊಂದು ಪರೀಕ್ಷೆ ಮಾಡಿಸಿ ಅಂತ ನಾವ್ಯಾರೂ ನೆನಪಿಸಿರಲಿಲ್ಲ.

ಹಾಗಂತ ಮಾತ್ರೆ ಬಿಡಿಸಬೇಡಿ. ಟಿ4 ಕಡಿಮೆಯಿದ್ದು ಟಿಎಸ್‌ಎಚ್ ಏರಿದ್ದರೆ ಮಾತ್ರೆ ಬೇಕೇ ಬೇಕು. ಟಿಎಸ್‌ಎಚ್ 10 ದಾಟಿದಾಗಲೂ ವೈದ್ಯರು ಸಾಮಾನ್ಯವಾಗಿ ಕೊಡ್ತಾರೆ. ಬಸುರಿಯರ ಲೆಕ್ಕಾಚಾರ ಬೇರೆಯೇ. ಕೊಲೆಸ್ಟರಾಲ್ ಹೊಸದಾಗಿ ಏರಿದ್ದರೆ ಅದರ ಮಾತ್ರೆಗೆ ಮೊದಲು ಥೈರಾಯ್ಡನ್ನೂ ನೋಡಿಸಬೇಕು. ನಾವು ಸಂಶೋಧಕರು, ವೈದ್ಯರಲ್ಲ. ತೀರ್ಮಾನ ಅವರದೇ.

ಆದರೆ ಕೇಳುವ ಪ್ರಶ್ನೆ ನಮ್ಮದಾಗಬಹುದು. ಟಿ4 ನೋಡಿದ್ರಾ? ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸೋಣವಾ? ಡೋಸ್ ಬದಲಾದರೆ 6ರಿಂದ 8 ವಾರಕ್ಕೆ ಮತ್ತೆ ನೋಡಿಸಿದ್ರಾ? ಮಾತ್ರೆಯ ಬೆನ್ನಿಗೇ ಫಿಲ್ಟರ್ ಕಾಫಿ ಕುಡೀತೀರಾ? ಕಾಫಿ ಮಾತ್ರೆಯನ್ನು ಕರುಳು ಹೀರದಂತೆ ತಡೆಯುತ್ತೆ. ಅದು ಗೊತ್ತಿಲ್ಲದೆ ಡೋಸ್ ಏರಿಸಿದರೆ, ಕಾಫಿ ಬಿಟ್ಟ ದಿನ ಅದೇ ಡೋಸ್ ಅತಿಯಾಗುತ್ತೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ, ಕಾಫಿ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ.

ಈ ಭಾನುವಾರದ ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ" ಅಂತ ಕೇಳಿದ ಮೇಲೆ ಇನ್ನೊಂದು ಮಾತು ಸೇರಿಸಿ: "ಅಮ್ಮ, ಎದೆ ಡವಡವ ಅನ್ನುತ್ತಾ?" ಹೌದು ಅಂದರೆ ತಡ ಮಾಡದೆ ವೈದ್ಯರ ಹತ್ತಿರ ಕಳಿಸಿ, ಒಂದು ಇಸಿಜಿ ಆಗಲಿ. ಮುಂದಿನ ಕಂತಿನಲ್ಲಿ ಸಿಗೋಣ.