ಹಳೆಯದಾಯಿತೆಂಬ ಹುಸಿ ತೀರ್ಪು

ಲ್ಯಾಪ್‌ಟಾಪು ಬಿಸಿಯಾದರೆ, ಇಂಟರ್‌ನೆಟ್ಟಿನ ಪುಟ ತೆರೆಯಲು ತಡವಾದರೆ, ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಈಗ ಕೇಳುವುದು ಒಂದೇ ಮಾತು: "ಹಳೆಯದಾಯಿತು, ಹೊಸದು ತನ್ನಿ." ಹರಿದ ಧೋತರಕ್ಕೆ ಹೊಲಿಗೆ ಹಾಕಿ, ಸೋರುವ ಕೊಡಕ್ಕೆ ಬೆಸುಗೆ ಹಾಕಿಸಿ ಬಾಳಿದ ಹಿರಿಯರ ಮಕ್ಕಳಾದ ನಮಗೆ ಈ ಮಾತು ಶೋಭಿಸುತ್ತದೆಯೇ?

ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯ ಆರು ವರ್ಷದ ಯಂತ್ರಕ್ಕೂ ಇದೇ ತೀರ್ಪಾಯಿತು. ಅಂಗಡಿಯವರು ತಿರುಗಿಸಿಯೂ ನೋಡದೆ "ಜುನಾ ಝಾಲಾ, ನವಾ ಘ್ಯಾ" ಎಂದರು. ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟ ಹಣಕ್ಕೆ ಕೈಹಾಕುವುದರಲ್ಲಿದ್ದೆವು. ಅದಕ್ಕೆ ಮುಂಚೆ ಒಮ್ಮೆ ನಾವೇ ಪರೀಕ್ಷಿಸೋಣವೆಂದು ಕುಳಿತೆವು. ಬ್ರೌಸರಿನಲ್ಲಿ ತೆರೆದಿಟ್ಟ ಟ್ಯಾಬುಗಳು ೪೨! ತಳದ ಗಾಳಿಕಂಡಿಯಲ್ಲಿ ಹತ್ತಿಯಂತೆ ಧೂಳು!

೨೦೦೮ರಲ್ಲಿ ಬಂದ ಕ್ರೋಮ್ ಬ್ರೌಸರು ಸಾಮಾನ್ಯವಾಗಿ ಒಂದೊಂದು ಟ್ಯಾಬನ್ನೂ ಬೇರೆಬೇರೆಯಾಗಿ ನಡೆಸುತ್ತದೆ. ಒಂದು ಕೆಟ್ಟರೂ ಮಿಕ್ಕವು ಉಳಿಯಲೆಂಬುದು ಉದ್ದೇಶ. ಆದರೆ ಪ್ರತಿಯೊಂದೂ ಮೆಮೊರಿಯಲ್ಲಿ ಜಾಗ ಬೇಡುತ್ತದೆ. ಇರುವ ೪ ಜಿಬಿ ತುಂಬಿದೊಡನೆ ಯಂತ್ರ ಡಿಸ್ಕಿನ ಮೊರೆ ಹೋಗುತ್ತದೆ. ಅದೋ ಬಹು ನಿಧಾನ. ಇತ್ತ ಪ್ರೊಸೆಸರು ದುಡಿದಷ್ಟೂ ಕಾಯುತ್ತದೆ. ಕಾವು ಮಿತಿ ಮೀರಿದರೆ ತಾನು ಸುಡದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗ ಪುಟ ಇನ್ನಷ್ಟು ತಡ. ನಾವು ಎರಡೆಂದು ತಿಳಿದ ರೋಗ ವಾಸ್ತವವಾಗಿ ಒಂದೇ.

ಬಿ.ಎಸ್‌ಸಿ. ಪರೀಕ್ಷೆಗೆ ವಹನ, ಸಂವಹನ, ವಿಕಿರಣವೆಂದು ಬಾಯಿಪಾಠ ಮಾಡಿದ ನಾವೇ ಗಾಳಿಕಂಡಿ ಮುಚ್ಚುವಂತೆ ರಜಾಯಿಯ ಮೇಲೆ ಲ್ಯಾಪ್‌ಟಾಪು ಇಡುತ್ತೇವೆ! ಕಲಿತ ವಿದ್ಯೆ ಅಂಕಪಟ್ಟಿಗೇ ಮೀಸಲೇ? ೧೯೯೧ರಲ್ಲಿ ಪರಮ್ ೮೦೦೦ ಎಂಬ ಸೂಪರ್ ಕಂಪ್ಯೂಟರನ್ನು ಕಟ್ಟಿದ ಸಿ-ಡ್ಯಾಕ್ ಇರುವುದು ಇದೇ ಊರಿನಲ್ಲಿ. ಇಂಥ ಊರಿನಲ್ಲಿದ್ದು ಫ್ಯಾನಿನ ಧೂಳಿಗೆ ಹೆದರುವುದೇ?

ಮಾಡಬೇಕಾದುದು ಇಷ್ಟೆ. ವಿಂಡೋಸ್ ಯಂತ್ರದ ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಾವ ಟ್ಯಾಬು ಎಷ್ಟು ತಿನ್ನುತ್ತಿದೆಯೆಂಬ ಪಟ್ಟಿ ಬರುತ್ತದೆ. ಬೇಡವಾದುದನ್ನು ಮುಚ್ಚಿ, ಬೇಡದ ಎಕ್ಸ್‌ಟೆನ್ಷನ್ನುಗಳನ್ನು ತೆಗೆಯಿರಿ. ಎಲ್ಲ ಮುಚ್ಚಿದ ಮೇಲೂ ಕಾವು ಇಳಿಯದಿದ್ದರೆ ಧೂಳನ್ನು ಶಂಕಿಸಿ. ವಾರಂಟಿ ಮುಗಿದ ಯಂತ್ರವಾದರೆ ಆರಿಸಿ, ವೈರು ಕಿತ್ತು, ಬಲ್ಲವರೆದುರು ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದ ಒರೆಸಿರಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬಳಕೆ ನಿಲ್ಲಿಸಿ, ನುರಿತವರಿಗೇ ಒಪ್ಪಿಸಿ.

ಯಾವ ಯಂತ್ರವೂ ಅಮರವಲ್ಲ, ಒಪ್ಪುತ್ತೇವೆ. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಒಗ್ಗದ ಯಂತ್ರಗಳೂ ಇವೆ. ಆದರೆ ಅದು ಸುರಕ್ಷತೆಯ ಪ್ರಶ್ನೆ. ಧೂಳಿನ ದೋಷವನ್ನು ವಯಸ್ಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಮ್ಮ ಯಂತ್ರ ಈಗಲೂ ಓಡುತ್ತಿದೆ. ಶುಲ್ಕದ ಹಣ ಶುಲ್ಕಕ್ಕೇ ಸಂದಿತು. ಸಂಘದಲ್ಲಿ ತಿಂಗಳಿಗೊಂದು ಭಾನುವಾರ ನಾವೆಲ್ಲ ಬ್ರಷ್ಷು, ಸ್ಕ್ರೂಡ್ರೈವರು ಹಿಡಿದು ಏಕೆ ಸೇರಬಾರದು? ಬಲ್ಲ ತರುಣರು ಕಲಿಸಲಿ, ಹಿರಿಯರು ಕಲಿಯಲಿ. ಮೊದಲ ಭಾನುವಾರದ ಚಹಾ ನಮ್ಮದು.