ಗೇಮಿಂಗ್ ಮೌಸ್‌ಗೆ ವೈರ್ ಬೇಡವೇ?

ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್‌ನಂಥ ಗುರಿಯಿಟ್ಟು ಹೊಡೆಯುವ ಆಟಗಳಿಗೆ ಮೌಸ್ ಕೊಳ್ಳುವವರು ಈಗ ವೈರ್‌ಲೆಸ್ಸನ್ನೇ ಆರಿಸಬೇಕೇ?

ಪರ

ಖಂಡಿತ. ವೈರ್‌ಲೆಸ್ ಎಂದರೆ ತಡ ಎಂಬ ಆಕ್ಷೇಪ ಇನ್ನೂ ಕೇಳಿಬರುತ್ತದೆ. ಅದಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ಆಫೀಸಿನ ಕೆಲಸಕ್ಕಿರುವ ಬ್ಲೂಟೂತ್ ಮೌಸ್ ತನ್ನ ಚಲನೆಯನ್ನು ಕಂಪ್ಯೂಟರಿಗೆ ತಿಳಿಸುವುದು ಸೆಕೆಂಡಿಗೆ ಸುಮಾರು 125 ಸಲ, ಎಂದರೆ 8 ಮಿಲಿಸೆಕೆಂಡಿಗೊಮ್ಮೆ. ಗೇಮಿಂಗ್‌ಗೆಂದೇ ಮಾಡಿದ ವೈರ್‌ಲೆಸ್ ಮೌಸ್ ಕಂಪ್ಯೂಟರಿಗೆ ಸಿಕ್ಕಿಸುವ ತನ್ನದೇ ಪುಟ್ಟ ರಿಸೀವರ್, ಎಂದರೆ ಡಾಂಗಲ್ ಮೂಲಕ 1000 ಸಲ, ಮಿಲಿಸೆಕೆಂಡಿಗೊಮ್ಮೆ ತಿಳಿಸುತ್ತದೆ. ಸಾಮಾನ್ಯ ಗೇಮಿಂಗ್ ವೈರ್ ಮೌಸ್ ಕೂಡ ಮಾಡುವುದು ಅಷ್ಟನ್ನೇ. 144 ಹರ್ಟ್ಸ್ ಮಾನಿಟರ್‌ನಲ್ಲಿ ಒಂದು ಫ್ರೇಮ್ ಬದಲಾಗಲು ಸುಮಾರು 7 ಮಿಲಿಸೆಕೆಂಡು ಹಿಡಿಯುವಾಗ, ಮೌಸಿನ ಆ ಒಂದು ಮಿಲಿಸೆಕೆಂಡಿಗಾಗಿ ಜಗಳವಾಡುವುದರಲ್ಲಿ ಅರ್ಥವಿಲ್ಲ.

ನಿಜವಾದ ತೊಂದರೆ ಕೊಡುವುದು ವೈರ್. ನುರಿತ ಆಟಗಾರರಲ್ಲಿ ಹೆಚ್ಚಿನವರು ಮೌಸಿನ ಸಂವೇದನೆಯನ್ನು 400 ಅಥವಾ 800 ಡಿಪಿಐಗೆ ತಗ್ಗಿಸಿಕೊಂಡು, ಮಣಿಕಟ್ಟಿನ ಬದಲು ಇಡೀ ತೋಳನ್ನೇ ಪ್ಯಾಡಿನ ಉದ್ದಕ್ಕೂ ಎಳೆದು ಆಡುತ್ತಾರೆ. ಎದುರಾಳಿ ಮೂಲೆಯಿಂದ ಇಣುಕಿದ ಗಳಿಗೆಯಲ್ಲೇ ವೈರ್ ಮೇಜಿನ ಅಂಚಿಗೆ ಸಿಕ್ಕಿಕೊಂಡು ಜಗ್ಗಿದರೆ ಗುರಿ ಕೂದಲೆಳೆಯಷ್ಟು ಸರಿಯುತ್ತದೆ. ಅಷ್ಟು ಸಾಕು, ರೌಂಡ್ ಹೋಯಿತು.

ತೂಕದ ದೂರೂ ಈಗ ಉಳಿದಿಲ್ಲ. 2016ರ ಲಾಜಿಟೆಕ್ ಜಿ900 107 ಗ್ರಾಂ ತೂಗುತ್ತಿತ್ತು. 2018ರ ಜಿ ಪ್ರೊ ವೈರ್‌ಲೆಸ್ 80 ಗ್ರಾಂಗೆ ಇಳಿಯಿತು, 2020ರ ಸೂಪರ್‌ಲೈಟ್ 63ಕ್ಕಿಂತ ಕೆಳಗೆ. ಇಂದು ದೊಡ್ಡ ಟೂರ್ನಿಗಳ ವೇದಿಕೆಯ ಮೇಲೆ ವೈರ್ ಮೌಸ್ ಹುಡುಕಿದರೂ ಸಿಗುವುದು ಕಷ್ಟ. ಸೋಲು-ಗೆಲುವಿನ ಮೇಲೆ ಬದುಕು ನಿಂತಿರುವವರ ಆಯ್ಕೆ ವೈರ್‌ಲೆಸ್.

ವಿರೋಧ

ವೈರ್‌ಲೆಸ್ಸಿನಲ್ಲಿ ತಡವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ವೇದಿಕೆಯ ಮೇಲಿರುವ ಆಟಗಾರನಿಗೆ ಮೌಸ್ ಕೊಡುವವರು ಪ್ರಾಯೋಜಕರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ದರ ವಿಚಾರಿಸುತ್ತ ಮೊದಲ ಪಿಸಿ ಕಟ್ಟಿಸುತ್ತಿರುವ ವಿದ್ಯಾರ್ಥಿ ಅಪ್ಪ-ಅಮ್ಮ ಕೊಟ್ಟ ದುಡ್ಡನ್ನು ಎಣಿಸಿ ಖರ್ಚು ಮಾಡಬೇಕು. ಸೂಪರ್‌ಲೈಟ್ ಜಾತಿಯ ಮೌಸ್‌ಗೆ ಹತ್ತು ಸಾವಿರ ದಾಟುತ್ತದೆ. ಸೆಕೆಂಡಿಗೆ ಅದೇ 1000 ಸಲ ವರದಿ ಮಾಡುವ, ವೈರಿರುವ ಲಾಜಿಟೆಕ್ ಜಿ102 ಎರಡು ಸಾವಿರದ ಆಸುಪಾಸಿಗೆ ಸಿಗುತ್ತದೆ. ಮನೆಯಲ್ಲಿರುವುದು 60 ಹರ್ಟ್ಸ್ ಮಾನಿಟರ್ ಆದರೆ ಪ್ರತಿ ಫ್ರೇಮೂ 16.7 ಮಿಲಿಸೆಕೆಂಡು ನಿಂತಿರುತ್ತದೆ. ಉಳಿದ ಎಂಟು ಸಾವಿರ ಹೋಗಬೇಕಾದದ್ದು ಹೊಸ ಮಾನಿಟರಿಗೆ.

ಕಡಿಮೆ ಬೆಲೆಯ ವೈರ್‌ಲೆಸ್ ಇಲ್ಲವೆಂದಲ್ಲ. ಲಾಜಿಟೆಕ್‌ನದೇ ಜಿ304 ಇದೆ, ಅದರ ಸೆನ್ಸರೂ ಒಳ್ಳೆಯದೇ. ಆದರೆ ಎಎ ಸೆಲ್ ಹಾಕಿದರೆ 99 ಗ್ರಾಂ, ಆ ಭಾರವೂ ಹಿಂಭಾಗಕ್ಕೆ ವಾಲುತ್ತದೆ. ಹಗುರ ಬೇಕೆನ್ನುವವರಿಗೆ ವೈರಿರುವ ರೇಜರ್ ವೈಪರ್ ಮಿನಿ 2020ರಲ್ಲೇ 61 ಗ್ರಾಂಗೆ ಬಂದಿತ್ತು. ವೈರ್ ಜಗ್ಗುವುದಕ್ಕೂ ಮದ್ದಿದೆ: ಬಟ್ಟೆ ಹೊದಿಸಿದ ಮೆತ್ತನೆಯ ವೈರ್, ಅದನ್ನು ಎತ್ತಿ ಹಿಡಿಯುವ ಬಂಜಿ.

ಇನ್ನು ಡಾಂಗಲ್. ಯುಎಸ್‌ಬಿ 3.0 ಪೋರ್ಟುಗಳು ಅದು ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡಿ ಮಾಡುವುದುಂಟು. ಹಾಗಾಗಿ ಡಾಂಗಲ್ಲನ್ನು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೌಸಿನ ಹತ್ತಿರ ತನ್ನಿ ಎಂದು ಸಲಹೆ ಕೊಡುತ್ತಾರೆ. ಕೊನೆಗೂ ಮೇಜಿನ ಮೇಲೆ ಕೇಬಲ್ ಬಂದೇ ಬಂತು! ಒಳಗಿನ ಲಿಥಿಯಂ ಬ್ಯಾಟರಿಯೂ ವರ್ಷ ಕಳೆದಂತೆ ಸೊರಗುತ್ತದೆ, ಬಳಕೆದಾರ ತಾನೇ ಬದಲಿಸಲು ಸುಲಭವಾಗುವಂತೆ ಅದನ್ನು ಕೂರಿಸಿರುವುದು ಅಪರೂಪ. ಒಂದು ಒತ್ತಿಗೆ ಎರಡು ಕ್ಲಿಕ್ ಬೀಳುವ ಕಾಯಿಲೆ ವೈರ್ ಇದ್ದರೂ ಇಲ್ಲದಿದ್ದರೂ ಬರಬಹುದು. ಎರಡು ಸಾವಿರದ ಮೌಸಿಗೆ ಬಂದರೆ ಸಹಿಸಬಹುದು.

ಕೈಗೆ ಹೊಂದುವ ಆಕಾರವಂತೂ ವೈರಿನ ಪ್ರಶ್ನೆಯೇ ಅಲ್ಲ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಬೆನ್ನು ಉಬ್ಬಿದ ಮೌಸ್ ಬೇಕು, ಬೆರಳ ತುದಿಯಲ್ಲಿ ಆಡಿಸುವವರಿಗೆ ಗಿಡ್ಡನೆಯದು. ಪೆಟ್ಟಿಗೆಯ ಮೇಲೆ 25,600 ಡಿಪಿಐ ಎಂದು ದಪ್ಪಕ್ಷರದಲ್ಲಿ ಬರೆದಿರುವುದನ್ನು ಬದಿಗಿಟ್ಟು, ಡೆಮೊ ಮೌಸಿದ್ದರೆ ಕೇಳಿ ಪಡೆದು, ಐದು ನಿಮಿಷ ಹಿಡಿದು ನೋಡಿ, ಆಮೇಲೆ ದುಡ್ಡು ಕೊಡಿ.