ಮುಖ ಯಾರದೋ, ಗಲ್ಲಾಪೆಟ್ಟಿಗೆ ಯಾರದೋ!

ಚಳ್ಳಕೆರೆ ಪೇಟೆಯಲ್ಲಾಗಲಿ, ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನ ಸುತ್ತಮುತ್ತಲಾಗಲಿ, ಹೊಸ ಅಂಗಡಿಯೊಂದು ಬಾಗಿಲು ತೆರೆಯಿತೆಂದರೆ ಬೋರ್ಡಿನ ಮೇಲೆ ಮೊದಲು ಗಣಪತಿ, ಆಮೇಲೆ ಮನೆದೇವರು, ಪಕ್ಕದಲ್ಲೇ ಪುನೀತ್ ರಾಜ್‌ಕುಮಾರ್. ಮೊಬೈಲ್ ಅಂಗಡಿಯಾದರೂ ಅಷ್ಟೆ, ಬಿರಿಯಾನಿ ಹೋಟೆಲಾದರೂ ಅಷ್ಟೆ. 2021ರ ಅಕ್ಟೋಬರ್ 29ರಂದು ಅಪ್ಪು ತೀರಿಕೊಂಡ ಮೇಲೆ ಇದು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. (ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಅದು ಬೇರೆ ಮಾತು, ಬಿಡಿ.)

ಅಭಿಮಾನಕ್ಕೆ ಯಾರೂ ಬೇಲಿ ಹಾಕಲಾರರು. ಗಲ್ಲಾದ ಹಿಂದೆ ಫೋಟೊ ಇಟ್ಟು, ಹಾರ ಹಾಕಿ, ಊದುಬತ್ತಿ ಹಚ್ಚುವವನ ತಂಟೆಗೆ ಹೋಗುವವರು ಯಾರು? ಆದರೆ ಅದೇ ಫೋಟೊ ಗಲ್ಲಾದ ಹಿಂದಿನಿಂದ ಎದ್ದು ಬಂದು ಕಡಲೆಕಾಯಿ ಎಣ್ಣೆ ಪ್ಯಾಕೆಟ್ಟಿನ ಮೇಲೆ ಕೂತರೆ? ಆಗ ಅದು ಪೂಜೆಯಲ್ಲ ಸ್ವಾಮಿ, ವ್ಯಾಪಾರ. 'ಈ ಎಣ್ಣೆ ಒಳ್ಳೇದು' ಅಂತ ಆ ಮನುಷ್ಯನ ಬಾಯಲ್ಲಿ ಹೇಳಿಸಿದ ಹಾಗೆ. ಅವನು ಹೇಳಿಯೇ ಇಲ್ಲ!

ಡಾ. ರಾಜ್‌ಕುಮಾರ್ ಜೀವಮಾನದಲ್ಲಿ ಒಪ್ಪಿದ್ದು ನಂದಿನಿ ಹಾಲಿನ ಜಾಹೀರಾತು ಒಂದನ್ನೇ, ಅದಕ್ಕೂ ಹಣ ಮುಟ್ಟಲಿಲ್ಲ. ನಂದಿನಿಗೆ ಪುನೀತ್ ಕೂಡ ಸಂಭಾವನೆ ಪಡೆಯಲಿಲ್ಲ. ಅಂಥವರ ಮುಖವನ್ನು ಕೇಳದೆ ಕೇಳಿಸದೆ ಪ್ಯಾಕೆಟ್ಟಿಗೆ ಹೊಡೆಯುವುದು ಎಂಥ ಅಭಿಮಾನ?

ಕಾನೂನು ಏನನ್ನುತ್ತೆ ಅಂದರೆ, ಇದಕ್ಕೆಂದೇ ಬೇರೆ ಕಾಯಿದೆ ಭಾರತದಲ್ಲಿಲ್ಲ. ಕೋರ್ಟುಗಳು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ ಇದು. ಒಬ್ಬರ ಹೆಸರನ್ನೋ ಚಹರೆಯನ್ನೋ ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ತಪ್ಪೆಂಬ ಮಾತನ್ನು 1994ರಲ್ಲಿ ಸುಪ್ರೀಂ ಕೋರ್ಟೇ ಆಟೋ ಶಂಕರ್ ಪ್ರಕರಣದಲ್ಲಿ ಆಡಿತು. 2012ರ ಇನ್ನೊಂದು ಕೇಸು ಅಂಗಡಿಯವರಿಗೆ ಚೆನ್ನಾಗಿ ನಾಟಬೇಕು. ಟೈಟಾನ್ ಕಂಪನಿ ತನ್ನ ತನಿಷ್ಕ್ ಒಡವೆಗೆ ಅಮಿತಾಭ್ ಬಚ್ಚನ್, ಜಯಾ ಬಚ್ಚನ್ ಅವರನ್ನು ಕರಾರು ಮಾಡಿಕೊಂಡು ತಂದಿತ್ತು. ಉತ್ತರ ಪ್ರದೇಶದ ಮುಜಾಫರನಗರದ ಒಡವೆ ಅಂಗಡಿಯೊಂದು ಹೆಚ್ಚುಕಮ್ಮಿ ಅದೇ ಚಿತ್ರದ ಹೋರ್ಡಿಂಗ್ ನಿಲ್ಲಿಸಿತು. ಜಿಲ್ಲಾ ಕೇಂದ್ರದ ಅಂಗಡಿ ತಾನೇ, ಯಾರು ನೋಡ್ತಾರೆ ಅಂದುಕೊಂಡಿರಬೇಕು. ದೆಹಲಿ ಹೈಕೋರ್ಟಿನವರೆಗೆ ಹೋಯಿತು, ಅಂಗಡಿ ಸೋತಿತು. ನೋಡಿದ ಕೂಡಲೇ ಗುರುತು ಸಿಕ್ಕರೆ ಸಾಕು, ಗಿರಾಕಿ ಮೋಸ ಹೋದನೆಂದು ಸಾಬೀತು ಮಾಡುವ ಗರಜೂ ಇಲ್ಲ ಎಂದಿತು ಕೋರ್ಟು.

ಒಂದು ಕಾಲಕ್ಕೆ ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರ್ ಶಿವಾಜಿರಾವ್, ಅಂದರೆ ರಜನಿಕಾಂತ್, 2015ರಲ್ಲಿ ತಮ್ಮ ಹೆಸರಿಟ್ಟ ಹಿಂದಿ ಸಿನಿಮಾವೊಂದರ ವಿರುದ್ಧ ಮದ್ರಾಸ್ ಹೈಕೋರ್ಟಿನಲ್ಲಿ ಗೆದ್ದರು. ಸಿನಿಮಾ ಹೆಸರು ಬದಲಾಯಿಸಿಕೊಂಡು ಬಂತು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ದನಿಯನ್ನು ಕಂಪ್ಯೂಟರ್‌ನಿಂದ ತೆಗೆಸುವುದಕ್ಕೂ ಬಾಂಬೆ ಹೈಕೋರ್ಟ್ ತಡೆ ಹಾಕಿತು. ಆಟೋಗೆ ಮೈಕ್ ಕಟ್ಟಿ ಸ್ಟಾರುಗಳ ದನಿಯಲ್ಲಿ ಆಫರ್ ಸಾರಿಸುವವರು ಇದನ್ನು ಕೇಳಿಸಿಕೊಳ್ಳಲಿ.

ಹಾಗಾದರೆ ತೀರಿಕೊಂಡವರ ಮುಖ? ಇಲ್ಲೇ ಕಾನೂನು ಕುಂಟುತ್ತೆ. ಸುಶಾಂತ್ ಸಿಂಗ್ ರಜಪೂತ್ ತಂದೆ ಹೂಡಿದ ದಾವೆಯಲ್ಲಿ, ಈ ಹಕ್ಕು ಮನುಷ್ಯನ ಜೊತೆಗೇ ಮಣ್ಣಾಗುತ್ತೆ ಎಂದು 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಸರಿ, ರಸ್ತೆ ಬಿಟ್ಟರಲ್ಲ ಎಂದು ಯಾರೂ ಹಿಗ್ಗಬೇಕಿಲ್ಲ. 1999ರ ಟ್ರೇಡ್ ಮಾರ್ಕ್ ಕಾಯಿದೆಯ 14ನೇ ಕಲಂ ನೋಡಿ: ಸತ್ತು 20 ವರ್ಷ ತುಂಬದವರ ನಂಟು ಇದೆಯೆಂದು ಸುಳ್ಳೇ ತೋರಿಸುವ ಮಾರ್ಕಿಗೆ ಅರ್ಜಿ ಹಾಕಿದರೆ, ವಾರಸುದಾರರ ಲಿಖಿತ ಒಪ್ಪಿಗೆ ತನ್ನಿ ಎಂದು ರಿಜಿಸ್ಟ್ರಾರ್ ಕೇಳಬಹುದು. ಪುನೀತ್ ವಿಷಯದಲ್ಲಿ ಅದು 2041ರವರೆಗೆ.

ಮುಖದ ಮಾತು ಬಿಟ್ಟರೂ ಫೋಟೊಗೆ ಒಡೆಯರಿದ್ದಾರೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸು ತಳಕಿನಲ್ಲಿ ನಿಲ್ಲುತ್ತೆ. ತ.ರಾ.ಸು. ಹೆಸರಿನ ಮೊದಲ ಅಕ್ಷರ ಈ ಊರಿನದೇ. ಅವರು ತೀರಿಕೊಂಡದ್ದು 1984ರಲ್ಲಿ. ಕಾದಂಬರಿಗಳ ಕೃತಿಸ್ವಾಮ್ಯ 60 ವರ್ಷ, 2044ರ ಕೊನೆಯವರೆಗೂ ನಡೆಯುತ್ತೆ. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ತೆಗೆದ 'ನಾಗರಹಾವು' ಬಂದದ್ದು 1972ರಲ್ಲಿ. ಸಿನಿಮಾದ ಹಕ್ಕು 2032ರ ಕೊನೆಯವರೆಗೆ. ರಾಮಾಚಾರಿ ಫೋಟೊ ಕತ್ತರಿಸಿ ಬನಿಯನ್ ಪೆಟ್ಟಿಗೆ ಮೇಲೆ ಅಂಟಿಸುವವರು ಲೆಕ್ಕ ಹಾಕಿಕೊಳ್ಳಲಿ. ಗೊತ್ತಿದ್ದೂ ಕೃತಿಸ್ವಾಮ್ಯ ಕದ್ದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ.

'ಬಡ ಅಂಗಡಿಯವನ ಮೇಲೆ ಯಾಕಪ್ಪ ಇಷ್ಟೆಲ್ಲ?' ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿದೆ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಜಿ.ಐ. ಮುದ್ರೆ ಸಿಕ್ಕಿತು. ಅಂದರೆ ಆ ಹೆಸರು ಆ ಊರಿನ ನೇಕಾರರ ಆಸ್ತಿ. ಎಲ್ಲೋ ಪವರ್‌ಲೂಮಿನಲ್ಲಿ ಗಂಟೆಗಳಲ್ಲಿ ಹೊಡೆದ ಸೀರೆಗೆ 'ಮೊಳಕಾಲ್ಮೂರು' ಎಂದು ಚೀಟಿ ಅಂಟಿಸಿ ಮಾರಿದರೆ ದಿನಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವನ ಹೊಟ್ಟೆ ಉರಿಯುವುದಿಲ್ಲವೇ? ತನ್ನ ದುಡಿಮೆಯ ಹೆಸರನ್ನು ಇನ್ನೊಬ್ಬ ಮಾರಿಕೊಂಡ ಎನ್ನುವ ಸಂಕಟ ಅದು. ನಟನದೂ ಅದೇ ಸಂಕಟ, ಹಾಡುಗಾರನದೂ ಅದೇ. ತಮ್ಮ ಹೆಸರಿಗೆ ಕಾನೂನು ಬೇಕು, ಬೇರೆಯವರ ಮುಖ ಮಾತ್ರ ಪುಕ್ಕಟೆ ಬೇಕು ಅಂದರೆ ಯಾವ ಅಧಿಕಾರಿ ಎದುರು ನಿಂತು ವಾದ ಮಾಡೋದು?

ಇನ್ನೂ ತಮಾಷೆಯೆಂದರೆ, ಮೊಳಕಾಲ್ಮೂರು ಸೀರೆ ಮಾರುವ ಬೋರ್ಡಿಗೆ ಇಂಟರ್‌ನೆಟ್ಟಿನಿಂದ ಇಳಿಸಿದ ನಟಿಯ ಫೋಟೊ, ಅವಳು ಉಟ್ಟಿರುವುದು ಕಂಚಿ ಸೀರೆ! ಅದರ ಬದಲು ಮಗ್ಗದಿಂದ ಇಳಿದ ಸೀರೆಯನ್ನು ಊರಿನ ಹೆಣ್ಣುಮಗಳೊಬ್ಬಳಿಗೆ ಉಡಿಸಿ, ಅವಳಿಂದ ಒಪ್ಪಿಗೆ ಬರೆಸಿಕೊಂಡು, ಸ್ಟುಡಿಯೊದವನಿಗೆ ಕಾಸು ಕೊಟ್ಟು ಫೋಟೊ ತೆಗೆಸಲಿ. ಬೇರೆ ಕರಾರಿಲ್ಲದಿದ್ದರೆ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವನದೇ ಎಂದು ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಂ ಹೇಳುತ್ತೆ.